ಮುಖಕ್ಕೆ ಹಚ್ಚುವ ಡಬ್ಬಿಯಲ್ಲಿ ಏನಿದೆ? ವೇಲಚೇರಿಯ ಕನ್ನಡ ಮನೆಗಳಿಗೆ ಒಂದು ಕೈಪಿಡಿ

ನಮ್ಮ ಆರೋಗ್ಯ ಮಾಲಿಕೆಯಲ್ಲಿ ಈ ಸಲ ಚರ್ಮದ ವಿಷಯ. ಸ್ವಲ್ಪ ಉದ್ದವಾಗಿದೆ. ಬಿಡುವಿದ್ದಾಗ ಓದಿ, ಮನೆಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಓದಿಸಿ.

ಊರಿನಿಂದ ಬಂದು ವೇಲಚೇರಿಯಲ್ಲಿ ಮನೆ ಮಾಡಿದವರಲ್ಲಿ ಬಹಳ ಮಂದಿ ಮೊದಲ ಬೇಸಿಗೆಯಲ್ಲೇ ಹೇಳುವ ಮಾತು ಒಂದಿದೆ: "ಇಲ್ಲಿಗೆ ಬಂದ ಮೇಲೆ ಮುಖ ಕಪ್ಪಾಯ್ತು, ಮೊಡವೆ ಜಾಸ್ತಿಯಾಯ್ತು." ಆಮೇಲೆ ಶುರುವಾಗುತ್ತದೆ ಸಲಹೆಗಳ ಮಳೆ. ಪಕ್ಕದ ಮನೆಯವರು ಒಂದು ಕ್ರೀಮ್ ಹೇಳುತ್ತಾರೆ, ಮೆಡಿಕಲ್ ಶಾಪಿನವರು ಇನ್ನೊಂದು ಕೊಡುತ್ತಾರೆ, ಮೊಬೈಲಿನಲ್ಲಿ ಮತ್ತೊಂದು ಬರುತ್ತದೆ. ಕೊನೆಗೆ ಕನ್ನಡಿಯ ಮುಂದೆ ಹತ್ತು ಡಬ್ಬಿಗಳು. ಯಾವುದರಲ್ಲಿ ಏನಿದೆ, ಅದು ಚರ್ಮಕ್ಕೆ ಏನು ಮಾಡುತ್ತದೆ ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಆ ಹತ್ತರಲ್ಲಿ ಆರು ಒಳ್ಳೆಯದೇ ಇರಬಹುದು, ಮೂರು ಬರೀ ದುಡ್ಡು ದಂಡ ಇರಬಹುದು. ಆದರೆ ಒಂದು ನಿಜವಾಗಿಯೂ ಅಪಾಯಕಾರಿ ಆಗಿದ್ದರೆ? ಅದನ್ನು ಗುರುತಿಸಲು ಈ ಬರಹ.

*ಇಲ್ಲಿಗೆ ಬಂದ ಮೇಲೆ ಚರ್ಮಕ್ಕೆ ಏನಾಗುತ್ತದೆ?*

ಮೊದಲು ಬಿಸಿಲಿನ ವಿಷಯ. ಬೆಂಗಳೂರು, ಚೆನ್ನೈ ಎರಡೂ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲೇ ಇವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಷ್ಟೂ ನೇರಳಾತೀತ ಕಿರಣಗಳು ಹೆಚ್ಚು. ಅಂದರೆ ಚರ್ಮವನ್ನು ಕಪ್ಪಾಗಿಸುವ ಕಿರಣ ಊರಿನಲ್ಲೂ ಕಡಿಮೆ ಇರಲಿಲ್ಲ, ತಂಪು ಗಾಳಿಯಿಂದಾಗಿ ನಮಗೆ ತಿಳಿಯುತ್ತಿರಲಿಲ್ಲ ಅಷ್ಟೆ. ರಜೆಗೆ ಊರಿಗೆ ಹೋದಾಗ "ಅಲ್ಲಿ ತಂಪು" ಎಂದು ಸನ್‌ಸ್ಕ್ರೀನ್ ಬಿಟ್ಟುಹೋಗುವವರು ಇದನ್ನು ನೆನಪಿಡಿ.

ಚೆನ್ನೈನಲ್ಲಿ ನಿಜವಾಗಿ ಬದಲಾಗುವುದು ಮೂರು ಸಂಗತಿ. ಒಂದು, ಸೆಕೆ. ಗಾಳಿಯಲ್ಲಿ ತೇವ ಹೆಚ್ಚಾದ್ದರಿಂದ ಬೆವರು ಆರುವುದಿಲ್ಲ. ಬೆವರಿನ ರಂಧ್ರ ಕಟ್ಟಿಕೊಂಡು ಬೆವರುಸಾಲೆ ಏಳುತ್ತದೆ, ತೊಡೆಸಂದು ಮತ್ತು ಕಂಕುಳಲ್ಲಿ ಗಜಕರ್ಣ ಹರಡುತ್ತದೆ. ಎರಡು, ನೀರು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಗಡುಸಾಗಿದ್ದರೆ ಸಾಬೂನು ಸರಿಯಾಗಿ ನೊರೆಯಾಗುವುದಿಲ್ಲ, ತೊಳೆದರೂ ಅದರ ಜಿಗುಟು ಚರ್ಮದ ಮೇಲೆ ಉಳಿದು ಚರ್ಮ ಒರಟಾಗುತ್ತದೆ. ಮೂರು, ಹಗಲೆಲ್ಲ ಎಸಿ. ತರಮಣಿಯ ಆಫೀಸಿನಲ್ಲಿ ಎಂಟು ಗಂಟೆ ಒಣಗಾಳಿ, ಹೊರಗೆ ಬಂದರೆ ನೂರಡಿ ರಸ್ತೆಯ ಧೂಳು, ಬೆವರು. ಆದ್ದರಿಂದ ಊರಲ್ಲಿ ಒಗ್ಗುತ್ತಿದ್ದ ದಪ್ಪ ಕೋಲ್ಡ್ ಕ್ರೀಮು, ಕೊಬ್ಬರಿ ಎಣ್ಣೆ ಇಲ್ಲಿ ಮುಖಕ್ಕೆ ಒಗ್ಗದೆ ಮೊಡವೆ ಬರುವುದು ಸಹಜ.

*ಮೆಡಿಕಲ್ ಶಾಪಿನಲ್ಲಿ ಹೇಳುವುದು ಹೇಗೆ?*

ತಮಿಳು ಬಾರದೆ ಮುಖ ತೋರಿಸಿ "ಇದಕ್ಕೆ ಏನಾದರೂ ಕೊಡಿ" ಎಂದರೆ ಏನಾದರೂ ಒಂದು ಕೊಡುತ್ತಾರೆ. ಕಾಯಿಲೆಯ ಹೆಸರು ಗೊತ್ತಿದ್ದರೆ ಅನುಕೂಲ:

• ಮುಖದ ಬಂಗಿಗೆ ಇಲ್ಲಿ "ಮಂಗು" ಎನ್ನುತ್ತಾರೆ. ನಮ್ಮ ಮಾತಿಗೆ ಎಷ್ಟು ಹತ್ತಿರ ನೋಡಿ.
• ಮೊಡವೆ: "ಪರು"
• ಬೆವರುಸಾಲೆ: "ವೇರ್ಕುರು"
• ಗಜಕರ್ಣ ಅಥವಾ ಹುಳುಕಡ್ಡಿ: "ಪಡರ್‌ತಾಮರೈ"
• ಚಿಬ್ಬು: "ತೇಮಲ್"
• ತುರಿಕೆ: "ಅರಿಪ್ಪು"; ಉರಿ: "ಎರಿಚ್ಚಲ್"

ಇವೆಲ್ಲಕ್ಕಿಂತ ಮುಖ್ಯವಾದ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ: "ಇದುಲ ಸ್ಟೀರಾಯ್ಡ್ ಇರುಕ್ಕಾ?" ಇದರಲ್ಲಿ ಸ್ಟೀರಾಯ್ಡ್ ಇದೆಯಾ ಎಂದು ಅರ್ಥ. ಯಾಕೆ ಎಂಬುದು ಮುಂದೆ ಬರುತ್ತದೆ.

*ಒಳ್ಳೆಯ ಪದಾರ್ಥಗಳು, ಅವುಗಳ ಕೆಲಸ*

1. ಗ್ಲಿಸರಿನ್, ಹೈಯಲುರಾನಿಕ್ ಆಸಿಡ್: ಇವು ನೀರನ್ನು ಹಿಡಿದಿಡುವ ಪದಾರ್ಥಗಳು. ಹೈಯಲುರಾನಿಕ್ ಹೆಸರು ದೊಡ್ಡದು, ಬೆಲೆಯೂ ದೊಡ್ಡದು. ಸಾಮಾನ್ಯ ಒಣಚರ್ಮಕ್ಕೆ ಅಗ್ಗದ ಗ್ಲಿಸರಿನ್ ಇರುವ ಲೋಷನ್ ಸಾಕು. ಸ್ನಾನವಾದ ಮೂರು ನಿಮಿಷದೊಳಗೆ, ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಹಚ್ಚಿ.

2. ಪೆಟ್ರೋಲಿಯಂ ಜೆಲ್ಲಿ: ಇದು ಚರ್ಮದೊಳಗೆ ಇಳಿಯುವುದಿಲ್ಲ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಮೇಲೆ ಕುಳಿತು ನೀರು ಆವಿಯಾಗದಂತೆ ತಡೆಯುತ್ತದೆ. ಒಡೆದ ಹಿಮ್ಮಡಿ, ತುಟಿ, ಪಾತ್ರೆ ತೊಳೆದು ಒರಟಾದ ಕೈಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ. ಬೆವರುವ ಮುಖಕ್ಕೆ ಮಾತ್ರ ಬೇಡ.

3. ಸೆರಮೈಡ್: ನಮ್ಮ ಚರ್ಮವನ್ನು ಇಟ್ಟಿಗೆ ಗೋಡೆ ಎಂದುಕೊಂಡರೆ ಇದು ಇಟ್ಟಿಗೆಗಳ ನಡುವಿನ ಗಾರೆ. ಚರ್ಮದಲ್ಲೇ ಇರುವ ಕೊಬ್ಬಿನ ಅಂಶ. ಪದೇ ಪದೇ ತುರಿಸುವ, ಎಕ್ಸಿಮಾ ಇರುವ ಮಕ್ಕಳ ಚರ್ಮಕ್ಕೆ ಇದು ಇರುವ ಮಾಯಿಶ್ಚರೈಸರ್ ಒಳ್ಳೆಯದು.

4. ನಿಯಾಸಿನಮೈಡ್: ಇದು ವಿಟಮಿನ್ ಬಿ3ರ ಒಂದು ರೂಪ. ಚರ್ಮದ ಬಣ್ಣದ ಕಣಗಳು ಮೇಲಿನ ಪದರಕ್ಕೆ ಸಾಗುವುದನ್ನು ಸ್ವಲ್ಪ ತಗ್ಗಿಸುತ್ತದೆ, ಜಿಡ್ಡನ್ನೂ ಕೆಂಪನ್ನೂ ಕಡಿಮೆ ಮಾಡುತ್ತದೆ. ಶೇ. 4ರಿಂದ 5ರಷ್ಟು ಇದ್ದರೆ ಸಾಕು. ಶೇ. 10 ಎಂದು ಬರೆದದ್ದು ಎರಡು ಪಟ್ಟು ಕೆಲಸ ಮಾಡುವುದಿಲ್ಲ, ಕೆಲವರಿಗೆ ಉರಿ ಮಾತ್ರ ಎರಡು ಪಟ್ಟು. ಫಲ ಕಾಣಲು ಎರಡು ಮೂರು ತಿಂಗಳು ಬೇಕು.

5. ವಿಟಮಿನ್ ಸಿ: ಬಿಸಿಲಿನ ಹಾನಿಯನ್ನು ತಗ್ಗಿಸಲು ನೆರವಾಗುತ್ತದೆ. ಆದರೆ ಗಾಳಿ, ಬೆಳಕು, ಶಾಖಕ್ಕೆ ಬೇಗ ಕೆಡುತ್ತದೆ. ಚೆನ್ನೈ ಸೆಕೆಯಲ್ಲಿ ಕಿಟಕಿಯ ಪಕ್ಕ ಇಟ್ಟ ಸೀರಮ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಕೆಟ್ಟಿದೆ ಎಂದರ್ಥ, ಎಸೆಯಿರಿ.

6. ಸ್ಯಾಲಿಸಿಲಿಕ್ ಆಸಿಡ್: ಎಣ್ಣೆಯಲ್ಲಿ ಕರಗುವ ಆಮ್ಲ, ಆದ್ದರಿಂದ ರಂಧ್ರದೊಳಗೆ ಇಳಿದು ಕಪ್ಪುಚುಕ್ಕೆ ಮೊಡವೆಗಳನ್ನು ಬಿಡಿಸುತ್ತದೆ. ಮುಖಕ್ಕೆ ಶೇ. 0.5ರಿಂದ 2 ಸಾಕು. ಆಸ್ಪಿರಿನ್ ಒಗ್ಗದವರು ವೈದ್ಯರನ್ನು ಕೇಳದೆ ಬಳಸಬೇಡಿ.

7. ಬೆನ್ಜಾಯ್ಲ್ ಪೆರಾಕ್ಸೈಡ್: ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಶೇ. 2.5ರದ್ದೇ ಸಾಕು, ಹೆಚ್ಚಾದರೆ ಉರಿ ಹೆಚ್ಚು. ಬಣ್ಣದ ಟವೆಲ್, ದಿಂಬಿನ ಕವರ್ ಬಿಳಿಚಿಹೋಗುತ್ತದೆ, ಎಚ್ಚರ.

8. ಅಜಲೇಯಿಕ್ ಆಸಿಡ್: ಮೊಡವೆ, ಮೊಡವೆ ಉಳಿಸಿದ ಕಲೆ, ಬಂಗು ಮೂರಕ್ಕೂ ಬಳಕೆಯಲ್ಲಿದೆ. ಗರ್ಭಿಣಿಯರಿಗೂ ವೈದ್ಯರು ಸಾಮಾನ್ಯವಾಗಿ ಸುರಕ್ಷಿತ ಎಂದು ಬರೆದುಕೊಡುವ ಕೆಲವೇ ಪದಾರ್ಥಗಳಲ್ಲಿ ಇದೊಂದು.

9. ರೆಟಿನಾಲ್, ಅಡಾಪಲೀನ್, ಟ್ರೆಟಿನೋಯಿನ್: ವಿಟಮಿನ್ ಎ ಕುಟುಂಬದವು. ಮೊಡವೆಗೂ ಸುಕ್ಕಿಗೂ ಚೆನ್ನಾಗಿ ಕೆಲಸ ಮಾಡುತ್ತವೆ. ರಾತ್ರಿ ಮಾತ್ರ, ಕಡಲೆಕಾಳಿನಷ್ಟು ಇಡೀ ಮುಖಕ್ಕೆ, ಮೊದಲು ವಾರಕ್ಕೆ ಎರಡು ಮೂರು ದಿನ. ಶುರುವಿನಲ್ಲಿ ಸಿಪ್ಪೆ ಏಳುತ್ತದೆ. ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಇವನ್ನು ಮುಟ್ಟಬಾರದು.

10. ಸನ್‌ಸ್ಕ್ರೀನ್: ಮೇಲಿನ ಎಲ್ಲವನ್ನೂ ಬಿಟ್ಟು ಒಂದೇ ಒಂದನ್ನು ಕೊಳ್ಳುವುದಾದರೆ ಇದನ್ನು ಕೊಳ್ಳಿ. ಎಸ್‌ಪಿಎಫ್ 30 ಸರಿಯಾಗಿ ಹಚ್ಚಿದರೆ ಚರ್ಮ ಸುಡುವ ಕಿರಣಗಳಲ್ಲಿ ಸುಮಾರು ಶೇ. 97 ತಡೆಯುತ್ತದೆ, 50 ಸುಮಾರು ಶೇ. 98. ವ್ಯತ್ಯಾಸ ಸಣ್ಣದು. ದೊಡ್ಡ ವ್ಯತ್ಯಾಸ ಬರುವುದು ಎಷ್ಟು ಹಚ್ಚುತ್ತೀರಿ ಎಂಬುದರಿಂದ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಮುಖ ಮತ್ತು ಕತ್ತಿಗೆ ಬೇಕು. ಹೊರಗೇ ಇದ್ದರೆ, ಬೆವರು ಒರೆಸಿಕೊಂಡರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಇಲ್ಲಿನ ಸೆಕೆಗೆ ಜೆಲ್ ರೂಪದ್ದು ವಾಸಿ. ಬಂಗು ಇರುವವರಿಗೆ ಐರನ್ ಆಕ್ಸೈಡ್ ಸೇರಿದ, ತುಸು ಕಂದುಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢ ಮಾಡುತ್ತದೆ. ಕೊಡೆ, ಟೋಪಿ, ದುಪಟ್ಟಾ ಕೂಡ ಸನ್‌ಸ್ಕ್ರೀನೇ, ಅದಕ್ಕೆ ಖರ್ಚಿಲ್ಲ.

11. ಕ್ಯಾಲಮೈನ್: ಜಿಂಕ್ ಆಕ್ಸೈಡಿಗೆ ಸ್ವಲ್ಪ ಕಬ್ಬಿಣದ ಆಕ್ಸೈಡ್ ಸೇರಿದ ಗುಲಾಬಿ ಬಣ್ಣದ ಲೋಷನ್. ಮಕ್ಕಳ ಬೆವರುಸಾಲೆಯ ತುರಿಕೆಗೆ ಹಾಯ್ ಎನಿಸುತ್ತದೆ. ಜೊತೆಗೆ ಸಡಿಲ ಹತ್ತಿ ಬಟ್ಟೆ, ಗಾಳಿ ಇರಲಿ.

*ಸಾಬೂನು, ಅರಿಶಿನ, ನಿಂಬೆ*

ಊರಿಗೆ ಹೋದಾಗಲೆಲ್ಲ ಮೈಸೂರು ಸ್ಯಾಂಡಲ್ ಸೋಪು ತರುವ ಮನೆಗಳು ನಮ್ಮಲ್ಲಿ ಎಷ್ಟೋ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಾಬೂನು ಕಾರ್ಖಾನೆಯ ಕೂಸು ಅದು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ ಇಲ್ಲೇ ಎಣ್ಣೆ ತೆಗೆದು ಸಾಬೂನು ಮಾಡೋಣ ಎಂದು ಹುಟ್ಟಿದ್ದು. ಸಾಬೂನಿನ ಮೇಲೆ "ಟಿಎಫ್‌ಎಂ" ಎಂದು ಬರೆದಿರುತ್ತದೆ, ಅದು ಒಟ್ಟು ಕೊಬ್ಬಿನಾಂಶ. ಶೇ. 76 ಅಥವಾ ಹೆಚ್ಚಿದ್ದರೆ ಮೊದಲ ದರ್ಜೆ, ಮೈಸೂರು ಸ್ಯಾಂಡಲ್ ಅದರಲ್ಲಿ ಸೇರುತ್ತದೆ. ಆದರೂ ಎಷ್ಟೇ ಒಳ್ಳೆಯ ಸಾಬೂನಾದರೂ ಅದು ಕ್ಷಾರ, ನಮ್ಮ ಚರ್ಮ ತುಸು ಆಮ್ಲೀಯ. ಮೈಗೆ ಸರಿ, ಆದರೆ ಮುಖಕ್ಕೆ ದಿನಕ್ಕೆ ನಾಲ್ಕು ಸಲ ಉಜ್ಜಿದರೆ ಒಣಗಿ ಬಿಗಿಯುತ್ತದೆ. ಎರಡು ಸಲ ಸಾಕು. ಚರ್ಮ ಸೂಕ್ಷ್ಮವಾಗಿದ್ದರೆ ಸುಗಂಧವಿಲ್ಲದ ಸೌಮ್ಯ ಫೇಸ್‌ವಾಶ್ ವಾಸಿ.

ಕಡಲೆಹಿಟ್ಟು, ಕಸ್ತೂರಿ ಅರಿಶಿನ ಒಗ್ಗಿದವರು ಹಚ್ಚಿಕೊಳ್ಳಲಿ, ಅಡ್ಡಿಯಿಲ್ಲ. ಅರಿಶಿನದಿಂದಲೂ ಕೆಲವರಿಗೆ ಅಲರ್ಜಿ ಆಗುತ್ತದೆ, ತುರಿಸಿದರೆ ನಿಲ್ಲಿಸಿ. ನಿಂಬೆರಸ ಮಾತ್ರ ಮುಖಕ್ಕೆ ಬೇಡವೇ ಬೇಡ. ನಿಂಬೆ ಹಚ್ಚಿದ ಚರ್ಮದ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಎದ್ದು ತಿಂಗಳುಗಟ್ಟಲೆ ಕಪ್ಪುಕಲೆ ಉಳಿಯಬಹುದು.

*ಈಗ ಅಪಾಯದ ಮೂರು*

ಮೊದಲನೆಯದು ಸ್ಟೀರಾಯ್ಡ್. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್, ಫ್ಲೂಸಿನೊಲೋನ್ ಇತ್ಯಾದಿ. ಇವು ಔಷಧಗಳು. ಎಕ್ಸಿಮಾ, ಸೋರಿಯಾಸಿಸ್‌ನಂಥ ಕಾಯಿಲೆಗೆ ವೈದ್ಯರು ಹೇಳಿದಷ್ಟು ದಿನ ಬಳಸಿದರೆ ವರವೇ. ಆದರೆ ಇವನ್ನು ಬೆಳ್ಳಗಾಗುವ ಕ್ರೀಮ್ ಎಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚುವವರು ನಮ್ಮ ದೇಶದಲ್ಲಿ ಬಹಳ. ಮೊದಲ ಎರಡು ವಾರ ಮುಖ ತಿಳಿಯಾಗಿ ಹೊಳೆಯುತ್ತದೆ, ಮೋಸ ಹೋಗುವುದೇ ಅಲ್ಲಿ. ಆಮೇಲೆ ಚರ್ಮ ತೆಳ್ಳಗಾಗಿ ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಉರಿ. ನಿಲ್ಲಿಸಿದರೆ ಮುಖ ಕೆಂಪಾಗಿ ಉರಿಯುತ್ತದೆ ಎಂದು ಮತ್ತೆ ಅದನ್ನೇ ಹಚ್ಚುತ್ತಾರೆ. ಇದಕ್ಕೆ ಚರ್ಮವೈದ್ಯರು "ಸ್ಟೀರಾಯ್ಡಿನಿಂದ ಹಾಳಾದ ಮುಖ" ಎಂದೇ ಹೆಸರಿಟ್ಟಿದ್ದಾರೆ. ಗಜಕರ್ಣಕ್ಕೆ ಹಚ್ಚಿದರೂ ಹೀಗೇ: ತುರಿಕೆ ನಿಲ್ಲುತ್ತದೆ, ಒಳಗೆ ಶಿಲೀಂಧ್ರ ಹರಡುತ್ತದೆ, ಮನೆಮಂದಿಗೆಲ್ಲ ಅಂಟುತ್ತದೆ.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಗುರುತಿಸಲು ಸುಲಭ ಉಪಾಯ: ಟ್ಯೂಬಿನ ಪದಾರ್ಥಗಳಲ್ಲಿ "ಸೋನ್", "ಸಾಲ್", "ಲೋನ್" ಎಂದು ಮುಗಿಯುವ ಹೆಸರಿದೆಯೇ ನೋಡಿ. ಇದ್ದರೆ ಕೇಳದೆ ಹಚ್ಚಬೇಡಿ. ಈಗಾಗಲೇ ತಿಂಗಳುಗಳಿಂದ ಹಚ್ಚುತ್ತಿದ್ದರೆ ಗಾಬರಿಯಾಗಿ ಒಂದೇ ದಿನಕ್ಕೆ ನಿಲ್ಲಿಸುವ ಬದಲು ಟ್ಯೂಬನ್ನು ಜೊತೆಗೆ ಒಯ್ದು ಚರ್ಮವೈದ್ಯರಿಗೆ ತೋರಿಸಿ. ಬಿಡಿಸುವ ಕ್ರಮ ಅವರಿಗೆ ಗೊತ್ತು.

ಎರಡನೆಯದು ಹೈಡ್ರೋಕ್ವಿನೋನ್. ಬಂಗಿಗೆ ವೈದ್ಯರು ಕೆಲವು ವಾರ ಕೊಡುವ ಔಷಧ. ಇದನ್ನು, ಟ್ರೆಟಿನೋಯಿನ್ ಮತ್ತು ಒಂದು ಸ್ಟೀರಾಯ್ಡ್ ಸೇರಿಸಿದ "ಮೂರು ಒಂದರಲ್ಲಿ" ಕ್ರೀಮುಗಳು ಬಹಳ ಓಡುತ್ತವೆ. ವರ್ಷಗಟ್ಟಲೆ ಹಚ್ಚಿದರೆ ಹೋಗಲಾಡಿಸಲು ಕಷ್ಟವಾದ ನೀಲಿಗಪ್ಪು ಕಲೆ ಬರಬಹುದು. ಯಾವ ಕಲೆ ಹೋಗಲಿ ಎಂದು ಹಚ್ಚಿದರೋ ಅದಕ್ಕಿಂತ ಕೆಟ್ಟದ್ದು ಉಳಿಯುತ್ತದೆ. ಗರ್ಭಿಣಿಯರಿಗೆ ಬೇಡ.

ಮೂರನೆಯದು ಪಾದರಸ. ಇದು ಎಲ್ಲಕ್ಕಿಂತ ಗಂಭೀರ. ಪಾದರಸ ಚರ್ಮದಲ್ಲಿ ಬಣ್ಣ ತಯಾರಾಗುವುದನ್ನೇ ತಡೆಯುತ್ತದೆ, ಹಾಗಾಗಿ ಬೇಗ ಬೆಳ್ಳಗೆ ಕಾಣುತ್ತಾರೆ. ಆದರೆ ಅದು ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡದಲ್ಲಿ ಸೇರುತ್ತದೆ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆ ಕೊಟ್ಟಕ್ಕಲ್‌ನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯ 22 ಪ್ರಕರಣಗಳನ್ನು ನೋಡಿದರು. ಅವರಲ್ಲಿ 15 ಮಂದಿಗೆ ಇದ್ದದ್ದು ಅಪರೂಪದ ಒಂದು ಬಗೆ. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಈ ವರದಿ "ಕಿಡ್ನಿ ಇಂಟರ್‌ನ್ಯಾಷನಲ್" ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಸಮಾಧಾನದ ಸಂಗತಿ ಎಂದರೆ ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ನಮ್ಮ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ತಾನಾಗಿ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರುವಂತಿಲ್ಲ. ನಿಯಮ ಮೀರುವುದು ಹೆಚ್ಚಾಗಿ ಲೇಬಲ್ ಇಲ್ಲದ, ಯಾರೋ ಪರಿಚಿತರು ಹೊರದೇಶದಿಂದ ತಂದುಕೊಟ್ಟ, ಆನ್‌ಲೈನಿನಲ್ಲಿ ಬಂದ ಕ್ರೀಮುಗಳು. ಲೇಬಲ್ ಇದ್ದರೂ "ಕ್ಯಾಲೊಮೆಲ್", "ಮರ್ಕ್ಯುರಸ್ ಕ್ಲೋರೈಡ್", "ಮರ್ಕ್ಯುರಿಯೊ" ಎಂಬ ಹೆಸರು ಕಂಡರೆ ಅದು ಪಾದರಸವೇ. ಇದು ಹಚ್ಚಿದವರಿಗೆ ಮಾತ್ರವಲ್ಲ, ಅವರ ಟವೆಲ್ ದಿಂಬಿನಿಂದ, ಅಪ್ಪಿಕೊಂಡಾಗ ಕೆನ್ನೆಯಿಂದ, ಮನೆಯ ಮಗುವಿಗೂ ತಾಗುತ್ತದೆ.

ಇಂಥ ಕ್ರೀಮ್ ಬಳಸಿದವರಲ್ಲಿ ಕಾಲು ಊತ, ಬೆಳಗ್ಗೆ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ನೊರೆ ಕಂಡರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ ಮೂತ್ರ ಪರೀಕ್ಷೆ ಮಾಡಿಸಿ. ಕ್ರೀಮ್ ಹಚ್ಚುತ್ತಿದ್ದ ಸಂಗತಿಯನ್ನು ನಾಚಿಕೆಪಡದೆ ಹೇಳಿ. ಡಾಕ್ಟರು ಕೇಳದೇ ಇರಬಹುದು, ನೀವೇ ಹೇಳಿ.

*ಕೊಳ್ಳುವ ಮೊದಲು ಒಂದು ನಿಮಿಷ*

• ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಇದೆಯೇ? ವಿದೇಶಿ ವಸ್ತುವಾದರೆ ಆಮದು ನೋಂದಣಿ ಸಂಖ್ಯೆ ಇದೆಯೇ? ಇಲ್ಲದಿದ್ದರೆ ಬೇಡ.
• ಟ್ಯೂಬಿನ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿಯ ಔಷಧ, ಸೌಂದರ್ಯವರ್ಧಕ ಅಲ್ಲ.
• ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಡಬ್ಬಿಯ ಮುಂದೆ ದೊಡ್ಡದಾಗಿ ಕೇಸರಿ, ಬಾದಾಮಿ ಚಿತ್ರ ಇದ್ದು ಪಟ್ಟಿಯಲ್ಲಿ ಅವು ಕಟ್ಟಕಡೆಯಲ್ಲಿದ್ದರೆ ಚಿತ್ರಕ್ಕೇ ದುಡ್ಡು ಕೊಟ್ಟಂತೆ.
• "ಏಳು ದಿನದಲ್ಲಿ ಬೆಳ್ಳಗೆ" ಎಂದರೆ ಕೆಳಗಿಡಿ. ಸುರಕ್ಷಿತವಾದ ಯಾವ ಪದಾರ್ಥವೂ ಏಳು ದಿನದಲ್ಲಿ ಹಾಗೆ ಮಾಡುವುದಿಲ್ಲ.
• ಹೊಸದನ್ನು ಮೊದಲು ಮೊಣಕೈ ಒಳಭಾಗಕ್ಕೆ ದಿನಕ್ಕೆರಡು ಸಲ ಒಂದು ವಾರ ಹಚ್ಚಿ ನೋಡಿ. ಒಂದು ಸಲಕ್ಕೆ ಒಂದೇ ಹೊಸದು. ಎರಡು ಒಟ್ಟಿಗೆ ಶುರುಮಾಡಿದರೆ ತುರಿಕೆ ಯಾವುದರಿಂದ ಬಂತು ಎಂದು ಗೊತ್ತಾಗುವುದಿಲ್ಲ.

*ಹಾಗಾದರೆ ದಿನಕ್ಕೆ ಏನು ಬೇಕು?*

ಬೆಳಗ್ಗೆ ಮುಖ ತೊಳೆದು ಹಗುರ ಮಾಯಿಶ್ಚರೈಸರ್, ಅದರ ಮೇಲೆ ಸನ್‌ಸ್ಕ್ರೀನ್. ರಾತ್ರಿ ಮುಖ ತೊಳೆದು ಮಾಯಿಶ್ಚರೈಸರ್. ಇಷ್ಟೇ. ಮೊಡವೆಯೋ ಕಲೆಯೋ ಇದ್ದರೆ ಅದಕ್ಕೆ ತಕ್ಕ ಒಂದು ಪದಾರ್ಥ ಸೇರಿಸಿ ಮೂರು ತಿಂಗಳು ಕಾಯಿರಿ. ಹತ್ತು ಡಬ್ಬಿ ಬೇಡ. ಹತ್ತು ವರ್ಷದ ಮಗಳಿಗೆ ರೆಟಿನಾಲ್, ಆಸಿಡ್ ಯಾವುದೂ ಬೇಡ, ಸೌಮ್ಯ ಸಾಬೂನು, ಬಿಸಿಲಿಗೆ ಹೋದರೆ ಸನ್‌ಸ್ಕ್ರೀನ್ ಸಾಕು.

ಮೂರು ತಿಂಗಳಾದರೂ ಕಡಿಮೆಯಾಗದಿದ್ದರೆ, ಗುಳ್ಳೆ ಕೀವುಗಟ್ಟಿ ಗುರುತು ಬೀಳುತ್ತಿದ್ದರೆ, ಗಜಕರ್ಣ ಮನೆಯಲ್ಲಿ ಇಬ್ಬರಿಗೆ ಬಂದರೆ, ಮಚ್ಚೆಯ ಆಕಾರ ಬಣ್ಣ ಬದಲಾದರೆ ಚರ್ಮವೈದ್ಯರನ್ನು ನೋಡಿ. ಖಾಸಗಿ ಖರ್ಚು ಭಾರವಾದರೆ ಸೆಂಟ್ರಲ್ ರೈಲು ನಿಲ್ದಾಣದ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ಹಚ್ಚುತ್ತಿರುವ ಎಲ್ಲ ಡಬ್ಬಿ ಟ್ಯೂಬುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಭಾಷೆ ಬಾರದಿದ್ದರೂ ಆ ಚೀಲ ಮಾತಾಡುತ್ತದೆ.

*ಕೊನೆಯ ಮಾತು*

ಕಪ್ಪು ಬಣ್ಣ ಕಾಯಿಲೆಯಲ್ಲ. ಬಿಸಿಲಿನಿಂದ ಒಳಗಿನ ಜೀವಕೋಶ ಕಾಪಾಡಲು ಚರ್ಮವೇ ಹಿಡಿದ ಕೊಡೆ ಅದು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ ತನ್ನ ಹೆಸರಿನಿಂದ "ಫೇರ್" ತೆಗೆದು "ಗ್ಲೋ" ಎಂದು ಮಾಡಿಕೊಂಡಿತು. ಡಬ್ಬಿಯ ಹೆಸರು ಬದಲಾಯಿತು, ನಮ್ಮ ಮನೆಯ ಮಾತು ಬದಲಾಗಬೇಕಿದೆ. ಊರಿನಿಂದ ಬಂದ ನೆಂಟರು "ಹುಡುಗಿ ಕಪ್ಪಾಗಿದ್ದಾಳಲ್ಲ, ಮದುವೆ ಹೊತ್ತಿಗೆ ಏನಾದರೂ ಹಚ್ಚಿಸಿ" ಎಂದು ಸುಮ್ಮನೆ ಆಡುವ ಮಾತೇ ಎಷ್ಟೋ ಸಲ ಆ ಲೇಬಲ್ ಇಲ್ಲದ ಡಬ್ಬಿಯನ್ನು ಮನೆಗೆ ತರುವುದು. ಅಂಥ ಮಾತು ಬಂದಾಗ ಮಗಳ ಎದುರಿಗೇ "ಅವಳ ಬಣ್ಣ ಚೆನ್ನಾಗಿಯೇ ಇದೆ" ಎಂದು ಹೇಳಿಬಿಡಿ. ಅದಕ್ಕೆ ಖರ್ಚಿಲ್ಲ, ಅಡ್ಡಪರಿಣಾಮವೂ ಇಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಕ್ರೀಮುಗಳನ್ನೆಲ್ಲ ಮೇಜಿನ ಮೇಲಿಟ್ಟು ಒಂದೊಂದರ ಲೇಬಲ್ ಓದಿ. ಲೇಬಲ್ ಇಲ್ಲದ್ದನ್ನು, ಅವಧಿ ಮುಗಿದದ್ದನ್ನು ಬೇರೆ ಇಡಿ. "ಸೋನ್, ಸಾಲ್, ಲೋನ್" ಇರುವುದನ್ನು ವೈದ್ಯರಿಗೆ ತೋರಿಸಲು ಎತ್ತಿಡಿ. ಹತ್ತು ನಿಮಿಷದ ಕೆಲಸ.

ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು, ವೈದ್ಯರ ಸಲಹೆಗೆ ಬದಲಿ ಅಲ್ಲ. ಉಪಯೋಗ ಎನಿಸಿದರೆ ಇಲ್ಲಿರುವ ನಮ್ಮವರಿಗೂ ಊರಿನ ಮನೆಯವರಿಗೂ ಕಳಿಸಿ.